ಅಳಿವೆಯಲ್ಲಿ ನಂಗು ಸಿಗಲಿಲ್ಲ, ದೋಣಿಯೂ ವಾಪಸ್ ತಿರುಗಲಿಲ್ಲ: ಶಹಾಪುರದ ಓದುಗರಿಗೆ ಉತ್ತರ

ಪ್ರಶ್ನೆ: "ನಮಸ್ಕಾರ್ರಿ ಸರ್. ನಾವು ಶಹಾಪುರ ತಾಲೂಕಿನವರು, ಕೃಷ್ಣಾ ದಂಡಿ ಊರು. ನಮ್ಮ ಕಾಕಾ ಹರಿಗೋಲು ಹಾಕಿ ಬಲೆ ಬೀಸ್ತಾರ, ನಾನೂ ಸಣ್ಣವನಿದ್ದಾಗಿಂದ ಹುಟ್ಟು ಹಾಕಿದವ. ಭಾವನಿಗೆ ಕುಮಟಾದಾಗ ಬ್ಯಾಂಕ್ ನೌಕರಿ. ಹೋದ ಡಿಸೆಂಬರ್ ರಜೆಗೆ ಹೋದಾಗ ಒಂದು ಸಣ್ಣ ಫೈಬರ್ ದೋಣಿ ಬಾಡಿಗೆಗೆ ತಗೊಂಡು ಅಘನಾಶಿನಿ ನದಿ ಸಮುದ್ರ ಸೇರೋ ಅಳಿವೆ ಒಳಗ ನಂಗು ಅನ್ನೋ ಚಪ್ಪಟೆ ಮೀನು ಹಿಡಿಯೋಕೆ ಹೋಗಿದ್ವಿ. ನಾನು, ಭಾವ, ಅಕ್ಕನ ಮಗ. ಹುಣ್ಣಿಮೆ ಮರುದಿನ, ಊಟ ಮಾಡಿ ಒಂದು ಗಂಟೆಗೆ ಹೊರಟ್ವಿ. ವಿಡಿಯೋದಾಗ ನೋಡಿದಂಗ ದೋಣಿ ತೇಲಲಿಕ್ಕೆ ಬಿಟ್ಟು ಬಂಗುಡೆ ತುಂಡು ಹಾಕಿ ಗಾಳ ಇಳಿಸಿದ್ವಿ. ಒಂದೂ ಮುಟ್ಟಲಿಲ್ಲ. ದೋಣಿ ಸರ‍್ರನೆ ಸಮುದ್ರದ ಕಡೆ ಹೊಂಟಿತು, ಎಷ್ಟು ಹುಟ್ಟು ಹಾಕಿದರೂ ಹಿಂದಕ್ಕ ಬರಲಿಲ್ಲ. ಬಲೆ ಕಟ್ಟೋ ಕಂಬ ಹಿಡಕೊಂಡು ಕುಂತ್ವಿ, ಸಂಜಿ ಆರರ ಮ್ಯಾಲೆ ಒಬ್ಬ ಮೀನುಗಾರರು ಎಳಕೊಂಡು ಬಂದ್ರು. ಈಗ ಮನ್ಯಾಗ ಹೋಗಬ್ಯಾಡ ಅಂತಾರ. ಕಾಕಾ ಮಾತ್ರ 'ನಮ್ಮ ಹರಿಗೋಲು ಒಯ್ಯಿ, ಅದು ಮುಳುಗಂಗಿಲ್ಲ' ಅಂತಾರ. ಒಯ್ಯಬಹುದಾ? ಮೀನು ಯಾಕ ಮುಟ್ಟಲಿಲ್ಲ? ಇನ್ನೊಂದು, ನಾರಾಯಣಪುರ ಹಿನ್ನೀರಿನಾಗ ನಂಗು ಸಿಕ್ಕಿತ್ತು ಅಂತ ಒಬ್ಬರು ಹೇಳ್ತಾರ, ಖರೇನಾ?"

ಉತ್ತರ:

ಮೂವರೂ ಕ್ಷೇಮವಾಗಿ ಬಂದಿರಲ್ಲ, ಅದು ದೊಡ್ಡದು. ಕಂಬ ಹಿಡಿದು ಕೂತದ್ದು ಒಳ್ಳೆಯ ಬುದ್ಧಿ. ಆ ಹೊತ್ತಿನಲ್ಲಿ ಹಟ ಹಿಡಿದು ಹುಟ್ಟು ಹಾಕುತ್ತಾ ಇದ್ದಿದ್ದರೆ ತೋಳು ಸೋತು, ಹಿಡಿಯಲು ಕಂಬವೂ ಇಲ್ಲದ ಕಡೆಗೆ ಹೋಗಿಬಿಡುತ್ತಿದ್ದಿರಿ.

ನೀವು ಎರಡು ತೊಂದರೆ ಹೇಳಿದ್ದೀರಿ. ಮೀನು ಸಿಗಲಿಲ್ಲ, ದೋಣಿ ತಿರುಗಲಿಲ್ಲ. ನಾನು ಕುಮಟಾ, ಕಾರವಾರದ ಕಡೆ ಮೀನುಗಾರರ ಜೊತೆ ಕೆಲಸ ಮಾಡಿ ಕಲಬುರಗಿಗೆ ಮರಳಿದವನು, ನನಗೆ ಈ ಎರಡಕ್ಕೂ ಮೂಲ ಒಂದೇ ಅಂತ ಕಾಣುತ್ತದೆ. ನೀವು ಹೊರಟ ಹೊತ್ತು ಸರಿ ಇರಲಿಲ್ಲ. ಗಾಳ, ಎರೆ, ದೋಣಿ ಎಲ್ಲ ಆಮೇಲಿನ ಮಾತು.

ನಮ್ಮ ಕೃಷ್ಣೆ, ಭೀಮೆ ಒಂದೇ ದಿಕ್ಕಿಗೆ ಹರಿಯುತ್ತವೆ. ನಾರಾಯಣಪುರ ಡ್ಯಾಂನಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಅನ್ನೋದರ ಮೇಲೆ ನೀರು ಏರುತ್ತದೆ, ಇಳಿಯುತ್ತದೆ. ದಿಕ್ಕು ಮಾತ್ರ ಬದಲಾಗಲ್ಲ. ನೀರಿನ ಜೊತೆ ಹೋಗಿ ಎಲ್ಲೋ ಒಂದು ಕಡೆ ದಡ ಹತ್ತಿದರೆ ನಡೆದು ಊರಿಗೆ ಬರಬಹುದು. ಅಳಿವೆಯ ಕವಲುಗಳಲ್ಲಿ ಹಾಗಲ್ಲ. ಅಲ್ಲಿ ನೀರು ಸುಮಾರು ಆರು ಗಂಟೆ ಒಳಗೆ ಬರುತ್ತದೆ, ಇನ್ನಾರು ಗಂಟೆ ಹೊರಗೆ ಹೋಗುತ್ತದೆ. ಎರಡು ಉಬ್ಬರದ ನಡುವೆ ಸರಾಸರಿ 12 ಗಂಟೆ 25 ನಿಮಿಷ. ಹಾಗಾಗಿ ದಿನಕ್ಕೆ ಐವತ್ತು ನಿಮಿಷದಷ್ಟು ಹೊತ್ತು ಮುಂದೆ ಸರಿಯುತ್ತಾ ಹೋಗುತ್ತದೆ. ಇಳಿತದಲ್ಲಿ ಸಿಕ್ಕಿಕೊಂಡು ಕೆಳಗೆ ಹೋದರೆ ಮುಂದೆ ದಡ ಇಲ್ಲ, ಸಮುದ್ರ ಇದೆ.

ಈಗ ನಿಮ್ಮ ಆ ದಿನವನ್ನು ನೋಡೋಣ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಆ ಕರಾವಳಿಯಲ್ಲಿ ಹಗಲಿನ ಉಬ್ಬರ ಹೆಚ್ಚುಕಡಿಮೆ ಹನ್ನೊಂದು, ಹನ್ನೆರಡು ಗಂಟೆಗೆ ತುಂಬುತ್ತದೆ. ಒಂದು ಗಂಟೆಗೆ ನೀವು ದೋಣಿ ಹತ್ತಿದಾಗ ನೀರು ಇಳಿಯಲು ಶುರುವಾಗಿ ಸ್ವಲ್ಪ ಹೊತ್ತು ಆಗಿತ್ತು. ಇಳಿತ ಉದ್ದಕ್ಕೂ ಒಂದೇ ವೇಗದಲ್ಲಿ ಇರಲ್ಲ. ಹಳೆ ನಾವಿಕರ ಒಂದು ಲೆಕ್ಕ ಇದೆ: ಇಳಿಯುವ ನೀರನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಗೆ ಒಂದು ಪಾಲು, ಎರಡನೇ ಗಂಟೆಗೆ ಎರಡು, ಮೂರನೇ ಮತ್ತು ನಾಲ್ಕನೇ ಗಂಟೆಗೆ ಮೂರು ಮೂರು, ಐದನೇ ಗಂಟೆಗೆ ಎರಡು, ಕೊನೆಗೆ ಒಂದು. ಅಂದರೆ ಮೂರು ಮತ್ತು ನಾಲ್ಕನೇ ಗಂಟೆಯಲ್ಲೇ ಅರ್ಧ ನೀರು ಹೊರಗೆ ಹೋಗುತ್ತದೆ. ಅದೇ ಹೊತ್ತಿಗೆ, ಎರಡರಿಂದ ನಾಲ್ಕರ ತನಕ, ನೀವು ನಡುನೀರಲ್ಲಿ ಇದ್ದಿರಿ. ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತವೇ ಜಾಸ್ತಿ, ಅಲ್ಲಿ ನೀರಿನ ಮಟ್ಟ ಒಂದೂವರೆ ಮೀಟರಿಗೂ ಹೆಚ್ಚು ಏರಿ ಇಳಿಯಬಹುದು. ಅಷ್ಟೂ ನೀರು ಒಂದು ಕಿರಿದಾದ ಬಾಯಿಯಿಂದ ಹೊರಗೆ ಹೋಗಬೇಕಲ್ಲ. ಹುಟ್ಟು ಹಾಕುವವರು ಎಷ್ಟೇ ಗಟ್ಟಿ ಆಳಾದರೂ ಅದರ ಎದುರು ನಿಲ್ಲುವುದು ಕಷ್ಟ. ಇದರಲ್ಲಿ ನಿಮ್ಮ ತೋಳಿನ ತಪ್ಪಿಲ್ಲ. ಇದರ ಜೊತೆಗೆ ಮಧ್ಯಾಹ್ನದ ಮೇಲೆ ಸಮುದ್ರದಿಂದ ಗಾಳಿ ಏಳುತ್ತದೆ. ಹೊರಗೆ ಹೋಗುವ ನೀರಿಗೆ ಒಳಗೆ ಬರುವ ಗಾಳಿ ಎದುರಾದರೆ ಅಳಿವೆ ಬಾಯಲ್ಲಿ ಗಿಡ್ಡ, ಕಡಿದಾದ ಅಲೆ ಎದ್ದು ದೋಣಿ ಒಳಗೆ ನೀರು ಹೊಡೆಯುತ್ತದೆ. ಕಂಬ ಸಿಗದೆ ಅಲ್ಲಿಗೆ ಹೋಗಿದ್ದರೆ ಅಪಾಯ ಬೇರೆಯೇ ಮಟ್ಟದ್ದಾಗುತ್ತಿತ್ತು.

ಮೀನು ಯಾಕೆ ಮುಟ್ಟಲಿಲ್ಲ ಅಂದರೆ ಅದಕ್ಕೂ ಇದೇ ಮುಖ್ಯ ಕಾರಣ. ನಂಗಿನಂಥ ಚಪ್ಪಟೆ ಮೀನು ತಳದ ಮೀನು. ಮರಳಲ್ಲೋ ಕೆಸರಲ್ಲೋ ಮೈ ಮುಚ್ಚಿಕೊಂಡು ಮಲಗಿರುತ್ತದೆ, ಕಣ್ಣು ಮಾತ್ರ ಹೊರಗೆ. ಎರೆ ಅದರ ಮೂತಿಯ ಮುಂದೆ, ನೆಲಕ್ಕೆ ತಾಗಿಕೊಂಡು ನಿಧಾನ ಹೋಗಬೇಕು. ನಿಮ್ಮ ದೋಣಿ ಆ ವೇಗದಲ್ಲಿ ಹೋಗುವಾಗ ದಾರಕ್ಕೆ ಭಾರಕ್ಕೆಂದು ಕಟ್ಟುವ ಸೀಸ ತಳ ಮುಟ್ಟಿರಲು ಸಾಧ್ಯವೇ ಇಲ್ಲ, ದಾರ ಓರೆಯಾಗಿ ಹಿಂದೆ ಚಾಚಿಕೊಂಡು ಎರೆ ನಡುನೀರಲ್ಲಿ ತೇಲಿರುತ್ತದೆ.

ಎರಡನೇ ಕಾರಣ ನಿಮ್ಮ ವಿಡಿಯೋ. ಅದರಲ್ಲಿ ಕಾಣಿಸುವುದು ಬಹುಶಃ ಅಮೆರಿಕದ ಪೂರ್ವ ಕರಾವಳಿಯ ಸಮ್ಮರ್ ಫ್ಲೌಂಡರ್. ಅದು ದೊಡ್ಡ ಬಾಯಿ, ಚೂಪು ಹಲ್ಲಿನ ಬೇಟೆಗಾರ. ಸಣ್ಣ ಮೀನು ಮೇಲಿಂದ ಹಾದು ಹೋದರೆ ಎದ್ದು ಹಿಡಿಯುತ್ತದೆ, ಹಾಗಾಗಿ ಉದ್ದನೆ ಮೀನಿನ ತುಂಡನ್ನು ತೇಲುವ ದೋಣಿಯಿಂದ ಎಳೆಯುವುದು ಅಲ್ಲಿ ನಡೆಯುತ್ತದೆ. ನಮ್ಮ ನಂಗು ಹಾಗಲ್ಲ. ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ಸಿಗುವ ನಂಗು, ಮಲಬಾರ್ ಸೋಲ್ ಅನ್ನುವುದು, ಗೇಣುದ್ದ ಅಥವಾ ಅದಕ್ಕೂ ಕಡಿಮೆ. ಬಾಯಿ ಸಣ್ಣದು, ಒಂದು ಬದಿಗೆ ಸೊಟ್ಟಗಿದೆ. ತಿನ್ನುವುದು ಕೆಸರಿನ ಹುಳು, ಪುಟಾಣಿ ಸಿಗಡಿಯಂಥ ಜೀವಿಗಳು. ಕಾಟ್ಲಾ ಗಾಳಕ್ಕೆ ಬೆರಳುದ್ದ ಬಂಗುಡೆ ತುಂಡು ಚುಚ್ಚಿದರೆ ಅದು ಬಾಯಿಗೆ ಹಿಡಿಸುವುದೂ ಇಲ್ಲ. ಮಾರುಕಟ್ಟೆಗೆ ರಾಶಿ ರಾಶಿ ಬರುವ ನಂಗು ಬಲೆಯ ಮೀನು, ಮುಖ್ಯವಾಗಿ ಟ್ರಾಲ್ ಬಲೆಯದು. ಗಾಳಕ್ಕೆ ಬುಟ್ಟಿ ತುಂಬ ನಂಗು ಬೀಳುತ್ತದೆ ಅಂತ ಯಾರಾದರೂ ಹೇಳಿದ್ದರೆ ಆ ಆಸೆ ಈಗಲೇ ಬಿಡಿ. ಒಂದೆರಡು ಬಿದ್ದರೆ ಅದೇ ಖುಷಿ.

ಆದರೆ ನಮ್ಮ ಅಳಿವೆಗಳಲ್ಲೂ ತೇಲುವ ಎರೆಯನ್ನು ಹಿಡಿಯುವ ಒಂದು ಚಪ್ಪಟೆ ಮೀನಿದೆ. ಸ್ಯೂಡೋರಾಂಬಸ್ ಆರ್ಸಿಯಸ್ ಅಂತ ಅದರ ವೈಜ್ಞಾನಿಕ ಹೆಸರು. ಹಲ್ಲಿನ ಫ್ಲೌಂಡರ್ ಅನ್ನಿ, ಸಾಕು. ನಂಗಿಗಿಂತ ಅಗಲ, ಬಾಯಿ ದೊಡ್ಡದು, ಸಣ್ಣ ಮೀನು ಸಿಗಡಿ ತಿನ್ನುತ್ತದೆ, ಒಂದಡಿಯವರೆಗೆ ಸಾಮಾನ್ಯವಾಗಿ ಬೆಳೆಯುತ್ತದೆ. ಇದರ ಮರಿಗಳು ಅಳಿವೆಯಲ್ಲೇ ಬೆಳೆಯುತ್ತವೆ, ಅದಕ್ಕೆ ಅಂಗೈಗಿಂತ ಸಣ್ಣದು ಸಿಕ್ಕರೆ ದಯವಿಟ್ಟು ನೀರಿಗೆ ಬಿಡಿ. ನೀವು ಕಲಿಯಬೇಕು ಅಂತಿರುವ ತೇಲು ಬೇಟೆ ಈ ಮೀನಿಗೆ ಹೊಂದುತ್ತದೆ. ನಂಗಿಗೆ ಬೇಕಾದ್ದು ಹೆಚ್ಚುಕಡಿಮೆ ನಿಂತ ದೋಣಿ.

ನಂಗಿಗೆ ಒಂದೇ ಕಣ್ಣು ಅಂತ ನಮ್ಮ ಕಡೆ ಕೆಲವರು ಹೇಳುತ್ತಾರೆ. ಅದು ಸುಳ್ಳು. ಎರಡೂ ಕಣ್ಣು ಒಂದೇ ಬದಿಯಲ್ಲಿವೆ, ಅಷ್ಟೇ. ಮರಿ ಹುಟ್ಟುವಾಗ ಎಲ್ಲ ಮೀನಿನ ಹಾಗೇ ಇರುತ್ತದೆ, ಬೆಳೆಯುತ್ತಾ ಒಂದು ಕಣ್ಣು ತಲೆ ಮೇಲಿಂದ ಆಚೆ ಬದಿಗೆ ಸರಿಯುತ್ತದೆ. ಹುಣ್ಣಿಮೆಯ ದೊಡ್ಡ ಉಬ್ಬರಕ್ಕೆ ಮೀನು ಜಾಸ್ತಿ ಅನ್ನುವುದು ಇನ್ನೊಂದು ನಂಬಿಕೆ. ಬಲೆ ಕಟ್ಟುವವರಿಗೆ ಅದು ನಿಜ ಇರಬಹುದು, ಓಡುವ ನೀರೇ ಅವರ ಬಲೆ ತುಂಬುತ್ತದೆ. ಗಾಳ ಹಾಕಿ ತೇಲುವವರಿಗೆ, ಅದರಲ್ಲೂ ಹೊಸಬರಿಗೆ, ಅದು ಕೆಟ್ಟ ದಿನ.

ಹಾಗಾದರೆ ಯಾವ ದಿನ ಹೋಗಬೇಕು? ಅಷ್ಟಮಿ ನೋಡಿಕೊಳ್ಳಿ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಕಡಿಮೆ, ನೀರು ಮೆತ್ತಗೆ ಹರಿಯುತ್ತದೆ. ಇನ್ನೊಂದು ಅನುಕೂಲ ಅಂದರೆ ಆ ದಿನಗಳಲ್ಲಿ ಅಲ್ಲಿ ನೀರು ಪೂರ್ತಿ ಇಳಿಯುವ ಹೊತ್ತು ಬೆಳಗ್ಗೆ ಹತ್ತರಿಂದ ಮಧ್ಯಾಹ್ನದೊಳಗೆ ಎಲ್ಲೋ ಬರುತ್ತದೆ. ಇಳಿತದ ಕೊನೆಯ ಎರಡು ಗಂಟೆ ಇರುವಾಗ ಹೊರಡಿ. ಇಳಿಯುವ ನೀರು ನಿಧಾನವಾಗಿ ಕೆಳಗೆ ಒಯ್ಯುತ್ತದೆ, ಆಮೇಲೆ ಸ್ವಲ್ಪ ಹೊತ್ತು ನೀರು ನಿಲ್ಲುತ್ತದೆ, ಆಮೇಲೆ ಭರತ, ಅಂದರೆ ಉಬ್ಬರ, ಶುರುವಾಗಿ ಅದೇ ನೀರು ನಿಮ್ಮನ್ನು ವಾಪಸ್ ತರುತ್ತದೆ. ಸಮುದ್ರದ ಗಾಳಿ ಏಳುವ ಹೊತ್ತಿಗೆ ಅದೂ ನಿಮ್ಮ ಬೆನ್ನಿಗೆ ಇರುತ್ತದೆ. ಈ ಒಂದು ಬದಲಾವಣೆ ಮಾಡಿದರೂ ಸಾಕು, ಮನೆಯವರ ಹೆದರಿಕೆ ಅರ್ಧ ಕಡಿಮೆಯಾಗುತ್ತದೆ. ಮೀನಿಗೂ ಅದೇ ಒಳ್ಳೆ ಹೊತ್ತು. ನೀರು ಕಡಿಮೆಯಾದಾಗ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಿಂದ, ದಡದ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಗಿಡದ ನಡುವಿನ ಸಣ್ಣ ಕವಲುಗಳಿಂದ ಸಿಗಡಿ, ಮರಿಮೀನು ಎಲ್ಲ ದೊಡ್ಡ ಕವಲಿಗೆ ಇಳಿಯಲೇಬೇಕು. ಆ ಬಾಯಿಗಳ ಹತ್ತಿರ, ಕೆಸರು ಮುಗಿದು ಮರಳು ಶುರುವಾಗುವ ಅಂಚಿನಲ್ಲಿ, ಆಳ ಜಾರುವ ಕಡೆ ಚಪ್ಪಟೆ ಮೀನು ಕಾಯುತ್ತಿರುತ್ತದೆ. ಆದರೆ ಗಜನಿ ಬಾಗಿಲಿಗೆ ಬಲೆ ಕಟ್ಟಿದ್ದರೆ ದೂರ ಇರಿ. ಅದು ಅಲ್ಲಿಯವರ ಹೊಟ್ಟೆಪಾಡು.

ಒಂದು ಎಚ್ಚರಿಕೆ. ಉಬ್ಬರ ಇಳಿತದ ಪಟ್ಟಿಯಲ್ಲಿ ಇರುವುದು ಬಂದರಿನ ಹೊತ್ತು, ಕಾರವಾರದ್ದು ಅಂದುಕೊಳ್ಳಿ. ಅಳಿವೆ ಒಳಗೆ ಹೋದಷ್ಟೂ ಅದು ತಡವಾಗುತ್ತದೆ, ಪಟ್ಟಿಯಲ್ಲಿ ಇಳಿತ ಮುಗಿಯಿತು ಅಂತಿದ್ದರೂ ಒಳಗಿನ ಕವಲಲ್ಲಿ ನೀರು ಇನ್ನೂ ಹೊರಗೆ ಹೋಗುತ್ತಿರಬಹುದು. ಎಷ್ಟು ತಡ ಅಂತ ಅಲ್ಲಿ ಬಳಚು, ಅಂದರೆ ತಿನ್ನುವ ಚಿಪ್ಪು, ಆರಿಸುವವರನ್ನು ಕೇಳಿ, ಅವರಿಗೆ ನಿಖರವಾಗಿ ಗೊತ್ತು. ಪಟ್ಟಿಯನ್ನು ಸರ್ವೆ ಆಫ್ ಇಂಡಿಯಾ ಪ್ರತಿ ವರ್ಷ ತರುತ್ತದೆ. ಸಮುದ್ರದ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಇನ್‌ಕಾಯಿಸ್ (INCOIS) ಸಂಸ್ಥೆಯ ಜಾಲತಾಣದಲ್ಲಿ ಉಬ್ಬರ ಇಳಿತದ ಹೊತ್ತು, ಅಲೆ ಗಾಳಿಯ ಮುನ್ಸೂಚನೆ ಎಲ್ಲ ಸಿಗುತ್ತದೆ. ಈ ಸಂಸ್ಥೆ ಇರುವುದು ಹೈದರಾಬಾದಿನಲ್ಲಿ. ಸಮುದ್ರದ ಸುದ್ದಿ ಹೇಳುವ ಕಚೇರಿ ಶಹಾಪುರಕ್ಕೆ ಕುಮಟಾಗಿಂತ ಹತ್ತಿರ ಇದೆ, ನೋಡಿ.

ಈಗ ತೇಲುವ ಕೆಲಸ. ದೋಣಿ ನಿಧಾನ ನಡಿಗೆಯ ವೇಗಕ್ಕಿಂತ ಜಾಸ್ತಿ ಹೋಗಬಾರದು. ದೋಣಿಯನ್ನು ಅಡ್ಡ ತಿರುಗಿಸಿ, ಅದು ಯಾವ ಕಡೆಗೆ ಸರಿಯುತ್ತಿದೆಯೋ ಅದರ ಎದುರು ಬದಿಯಿಂದ ಗಾಳ ಇಳಿಸಿ. ಹಾಗೆ ಮಾಡಿದರೆ ದಾರ ದೋಣಿಯಿಂದ ದೂರ ಹೋಗುತ್ತದೆ, ಇಲ್ಲದಿದ್ದರೆ ದೋಣಿ ಅಡಿಗೆ ಸಿಕ್ಕುತ್ತದೆ. ಮೂವತ್ತರಿಂದ ಐವತ್ತು ಗ್ರಾಂ ಸೀಸದಿಂದ ಶುರು ಮಾಡಿ. ಸೀಸ ನೆಲ ಬಡಿಯುವುದು ಕೈಗೆ ಗೊತ್ತಾಗಬೇಕು. ಗೊತ್ತಾಗದಿದ್ದರೆ ತೂಕ ಹೆಚ್ಚಿಸಿ, ಕೆಸರಲ್ಲಿ ಹೂತು ಕೂತರೆ ಕಡಿಮೆ ಮಾಡಿ. ಸೀಸದ ಹಿಂದೆ ಒಂದೂವರೆ ಅಡಿ ತೆಳು ದಾರ ಬಿಟ್ಟು ಗಾಳ ಕಟ್ಟಿ. ಫ್ಲೌಂಡರಿಗೆ ಮಧ್ಯಮ ಗಾಳ, ತಾಜಾ ಸಿಗಡಿ ಅಥವಾ ತೆಳ್ಳಗೆ ಸೀಳಿದ ಮೀನಿನ ಪಟ್ಟಿ. ನಂಗಿಗೆ ಹತ್ತು, ಹನ್ನೆರಡನೇ ನಂಬರಿನ ಪುಟ್ಟ ಗಾಳ, ಅದಕ್ಕೆ ಕೆಸರಿನ ಹುಳು ಅಥವಾ ಚೂರು ಬಳಚಿನ ಮಾಂಸ. ಮುಟ್ಟಿದ ಕೂಡಲೇ ಜಗ್ಗಬೇಡಿ. ನಮ್ಮ ಬಾಳೆ ಮೀನಿನ ಹಾಗೆ ಇದು ಒಂದೇ ಸಲ ನುಂಗಿ ಓಡಲ್ಲ, ಟಕ್ ಟಕ್ ಅಂತ ಬಾಯಾಡಿಸುತ್ತದೆ, ಭಾರ ಗಟ್ಟಿಯಾದ ಮೇಲೆ ನಿಧಾನ ಎತ್ತಿ.

ದೋಣಿ ವೇಗ ಕಡಿಮೆ ಮಾಡಲು ಬಕೆಟ್‌ಗೆ ಹಗ್ಗ ಕಟ್ಟಿ ನೀರಿಗೆ ಬಿಡಿ ಅಂತ ಸಲಹೆ ಕೊಡುವವರು ತುಂಬ ಜನ. ಇದನ್ನು ಅರ್ಥ ಮಾಡಿಕೊಂಡು ಬಳಸಿ. ಗಾಳಿ ದೋಣಿಯನ್ನು ತಳ್ಳುತ್ತಿದ್ದರೆ ಬಕೆಟ್ ಚೆನ್ನಾಗಿ ತಡೆಯುತ್ತದೆ. ನೀರೇ ದೋಣಿಯನ್ನು ಒಯ್ಯುತ್ತಿದ್ದರೆ ಬಕೆಟ್ಟೂ ಅದೇ ನೀರಿನ ಜೊತೆ ಹೋಗುತ್ತದೆ, ಏನೂ ಪ್ರಯೋಜನ ಇಲ್ಲ. ಅವತ್ತು ನಿಮ್ಮ ಹತ್ತಿರ ಹತ್ತು ಬಕೆಟ್ ಇದ್ದರೂ ದೋಣಿ ಹಾಗೇ ಹೋಗುತ್ತಿತ್ತು. ಸರಪಳಿ ನೆಲಕ್ಕೆ ಬಿಟ್ಟು ಎಳೆದರೆ ನಿಧಾನವಾಗುತ್ತದೆ ನಿಜ, ಆದರೆ ತಳದ ಬಳಚು ಹಾಳಾಗುತ್ತದೆ, ಎಲ್ಲಾದರೂ ಸಿಕ್ಕಿಕೊಂಡರೆ ದೋಣಿ ವಾಲುತ್ತದೆ. ಬೇಡ.

ಲಂಗರು ಹಾಕಿ ನಿಂತು ಹಿಡಿಯುವುದು ಇನ್ನೊಂದು ದಾರಿ, ನಂಗಿಗೆ ಇದೇ ವಾಸಿ. ಇದರಲ್ಲಿ ಒಂದು ಕೆಟ್ಟ ಅಪಾಯ ಇದೆ. ಓಡುವ ನೀರಲ್ಲಿ ಲಂಗರಿನ ಹಗ್ಗವನ್ನು ದೋಣಿಯ ಪಕ್ಕಕ್ಕಾಗಲಿ ಹಿಂಭಾಗಕ್ಕಾಗಲಿ ಕಟ್ಟಿದರೆ ನೀರು ಆ ಅಂಚನ್ನು ಕೆಳಗೆ ಜಗ್ಗಿ ಕ್ಷಣದಲ್ಲಿ ದೋಣಿ ತುಂಬಿಸುತ್ತದೆ. ಯಾವಾಗಲೂ ಮೂತಿಗೇ ಕಟ್ಟಬೇಕು. ಹಗ್ಗ ಆಳದ ಮೂರರಿಂದ ಐದು ಪಟ್ಟು ಉದ್ದ ಇರಲಿ. ಕತ್ತರಿಸಲು ಚಾಕು ಕೈಗೆ ಸಿಗುವಲ್ಲಿ ಇರಲಿ. ಹಗ್ಗ ಹೋದರೆ ಹೋಗಲಿ.

ಹರಿಗೋಲಿನ ವಿಷಯಕ್ಕೆ ಬರೋಣ. ಕಾಕಾ ಅವರ ಮೇಲೆ ನನಗೆ ಗೌರವ ಇದೆ. ಕೃಷ್ಣೆಯಲ್ಲಿ ಅವರು ಹೇಳುವುದಕ್ಕೆ ಅರ್ಥ ಇದೆ. ಅಗಲ ತಳ, ಗೇಣು ನೀರಲ್ಲೂ ತೇಲುತ್ತದೆ, ಸುಲಭಕ್ಕೆ ಮಗುಚಲ್ಲ. ಆದರೆ ಅದಕ್ಕೆ ಮೂತಿ ಇಲ್ಲ, ಹಿಂದು ಇಲ್ಲ, ದಿಕ್ಕು ಹಿಡಿಯುವ ಅಡಿಮರ ಇಲ್ಲ. ಲಂಗರು ಎಲ್ಲಿ ಕಟ್ಟಿದರೂ ಅದು ಪಕ್ಕವೇ. ಗಾಳಿ ಬಂದರೆ ತಿರುಗುತ್ತದೆ, ನಾಲ್ಕು ಗಾಳದ ದಾರ ಒಂದಕ್ಕೊಂದು ಸುತ್ತಿಕೊಳ್ಳುತ್ತದೆ. ಅಂಚು ತಗ್ಗು, ಗಿಡ್ಡ ಅಲೆಗೆ ನೀರು ಒಳಗೆ ಬರುತ್ತದೆ. ತುಂಬಿದ ಹರಿಗೋಲು ಮುಳುಗದೆ ಅರ್ಧ ತೇಲಿದರೂ ಅದರಲ್ಲಿ ಕೂತವರಿಗೆ ಉಪಯೋಗ ಇಲ್ಲ. ಇಳಿತಕ್ಕೆ ಎದುರಾಗಿ ಅದನ್ನು ಒಯ್ಯುವುದು ಆಗದ ಮಾತು. ಅಳಿವೆಗೆ ತರಬೇಡಿ. ಅಲ್ಲದೆ ಕರಾವಳಿಯಲ್ಲಿ ಮೀನು ಹಿಡಿಯುವ ದೋಣಿಗಳಿಗೆ 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯ ನಿಯಮಗಳಿವೆ. ಊರಿಂದ ಏನಾದರೂ ಒಯ್ಯುವ ಮೊದಲು ಅಲ್ಲಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಕೇಳುವುದು ಒಳ್ಳೆಯದು.

ನನ್ನನ್ನು ಕೇಳಿದರೆ, ಮೊದಲ ಕೆಲವು ಸಲ ಅಲ್ಲಿನ ಒಬ್ಬ ಮೀನುಗಾರರ ಜೊತೆ ಅವರ ದೋಣಿಯಲ್ಲೇ ಹೋಗಿ. ಅವತ್ತಿನ ಕೂಲಿ ಮೊದಲೇ ಮಾತಾಡಿಕೊಳ್ಳಿ. ನಿಮ್ಮನ್ನು ಎಳೆದು ತಂದವರು ಸಿಕ್ಕರೆ ಅವರನ್ನೇ ಕೇಳಿ. ದುಡ್ಡು ಸ್ವಲ್ಪ ಹೋಗುತ್ತದೆ, ಆದರೆ ಕವಲಿನ ತಳ ಎಲ್ಲಿ ಹೇಗಿದೆ ಅನ್ನುವುದು ಅವರಿಂದ ಬಿಟ್ಟು ಇನ್ನೆಲ್ಲೂ ಕಲಿಯಲು ಆಗಲ್ಲ. ಆಮೇಲೆ ನೀವೇ ದೋಣಿ ತಗೊಂಡು ಹೋಗುವುದಾದರೆ ಅಷ್ಟಮಿ ಹೊತ್ತು, ಎಲ್ಲರಿಗೂ ಲೈಫ್ ಜಾಕೆಟ್, ಅಳಿವೆ ಬಾಯಿಂದ ದೂರ. ಅಕ್ಕನ ಮಗನಿಗೆ ಜಾಕೆಟ್ ಅವನ ಅಳತೆಯದೇ ಬೇಕು, ದೊಡ್ಡವರದು ಹಾಕಿದರೆ ನೀರಲ್ಲಿ ತಲೆ ಮೇಲಿಂದ ಕಳಚಿಕೊಳ್ಳುತ್ತದೆ. ಇಳಿತದಲ್ಲಿ ದೋಣಿ ಕೆಸರಿನ ಮೇಲೆ ಕೂತುಬಿಟ್ಟರೆ ಇಳಿದು ತಳ್ಳಲು ಹೋಗಬೇಡಿ, ಸೊಂಟದವರೆಗೆ ಹೂತುಕೊಳ್ಳುವ ಜಾಗ ಇರುತ್ತದೆ. ದೋಣಿಯಲ್ಲೇ ಕೂತಿರಿ, ನೀರು ತಾನೇ ಬಂದು ಎತ್ತುತ್ತದೆ. ಅದಕ್ಕೇ ಕುಡಿಯುವ ನೀರು, ಬಿಸಿಲಿಗೆ ಟವೆಲ್, ಚಾರ್ಜ್ ಇರುವ ಮೊಬೈಲ್ ಬೇಕು ಅನ್ನುವುದು.

ಮಳೆಗಾಲದಲ್ಲಿ ಹೋಗಲೇಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುತ್ತದೆ. ಅದು ನಿಮ್ಮ ಸಣ್ಣ ದೋಣಿಗೆ ಅನ್ವಯಿಸದಿದ್ದರೂ ಅಘನಾಶಿನಿಗೆ ಅಣೆಕಟ್ಟು ಇಲ್ಲ, ಘಟ್ಟದ ಮಳೆ ನೀರೆಲ್ಲ ನೇರ ಬರುತ್ತದೆ. ಅಳಿವೆಯ ನೀರು ಸಿಹಿಯಾಗುವುದರಿಂದ ಈ ಮೀನುಗಳೂ ಉಪ್ಪುನೀರಿನ ಕಡೆ ಸರಿದಿರುತ್ತವೆ.

ಗಾಳಕ್ಕೆ ಚಪ್ಪಟೆಯಾಗಿ ಏನೋ ಬಿತ್ತು ಅಂತ ಖುಷಿಯಿಂದ ಕೈ ಹಾಕಬೇಡಿ, ಮೊದಲು ಬಾಲ ನೋಡಿ. ತೊರಕೆ ಮೀನೂ ಅದೇ ಮರಳಲ್ಲಿ ಹಾಗೇ ಮಲಗಿರುತ್ತದೆ, ಉದ್ದ ಬಾಲದಲ್ಲಿ ವಿಷದ ಮುಳ್ಳು ಇರುತ್ತದೆ. ಅದು ಬಿದ್ದರೆ ದಾರ ಕತ್ತರಿಸಿ ಬಿಟ್ಟುಬಿಡಿ. ಚುಚ್ಚಿದರೆ ಗಾಯವನ್ನು ತಡೆದುಕೊಳ್ಳುವಷ್ಟು ಬಿಸಿ ನೀರಲ್ಲಿ ಅದ್ದಿಡಬೇಕು, ಅರ್ಧ ಗಂಟೆಯಿಂದ ಒಂದೂವರೆ ಗಂಟೆ. ಆ ವಿಷದ ಶಕ್ತಿ ಬಿಸಿಗೆ ಕುಗ್ಗುತ್ತದೆ, ನೋವು ಇಳಿಯುತ್ತದೆ. ಚರ್ಮ ಸುಡುವಷ್ಟು ಬಿಸಿ ಬೇಡ. ಆಮೇಲೆ ಆಸ್ಪತ್ರೆಗೆ ಹೋಗಲೇಬೇಕು, ಮುಳ್ಳಿನ ಚೂರು ಒಳಗೆ ಉಳಿದಿರಬಹುದು. ಎದೆಗೋ ಹೊಟ್ಟೆಗೋ ಚುಚ್ಚಿ ಮುಳ್ಳು ಅಲ್ಲೇ ಸಿಕ್ಕಿಕೊಂಡಿದ್ದರೆ ಕೀಳಬೇಡಿ, ಹಾಗೇ ಕರೆದೊಯ್ಯಿರಿ.

ಇನ್ನು ನಾರಾಯಣಪುರದ ನಂಗು. ನಮ್ಮ ಭಾಗದ ಕೃಷ್ಣೆಯಲ್ಲಿ ನಂಗು ಇಲ್ಲ. ಅದು ಕಡಲಿನ ಮೀನು. ಸಮುದ್ರದಿಂದ ಬಸವಸಾಗರದವರೆಗೆ, ಅಂದರೆ ನಾರಾಯಣಪುರ ಡ್ಯಾಂವರೆಗೆ, ಬರಬೇಕಾದರೆ ವಿಜಯವಾಡದ ಬ್ಯಾರೇಜ್, ನಾಗಾರ್ಜುನ ಸಾಗರ, ಶ್ರೀಶೈಲ ಎಲ್ಲ ದಾಟಬೇಕು, ಅದು ಸಾಧ್ಯ ಇಲ್ಲ. ಅವರು ನೋಡಿದ್ದು ಬಹುಶಃ ಫೆದರ್‌ಬ್ಯಾಕ್ ಅನ್ನುವ ಮೀನು. ಬೆನ್ನು ಗೂನು, ಮೈ ತೆಳ್ಳಗೆ, ಹೊಟ್ಟೆಯಿಂದ ಬಾಲದ ತನಕ ಉದ್ದಕ್ಕೂ ಒಂದೇ ರೆಕ್ಕೆ, ಮೈತುಂಬ ಸಣ್ಣ ಮುಳ್ಳು. ಅದು ಕೃಷ್ಣೆಯಲ್ಲಿ ಸಿಗುತ್ತದೆ. ಪರೀಕ್ಷೆ ಸುಲಭ: ಕಣ್ಣು ಎರಡು ಬದಿಗೂ ಒಂದೊಂದು ಇದ್ದರೆ ಅದು ನಂಗು ಅಲ್ಲ.

ಆದರೆ ಬಸವಸಾಗರದ ಹಿನ್ನೀರು ನಿಮಗೆ ಬೇರೆ ರೀತಿಯಲ್ಲಿ ಉಪಯೋಗಕ್ಕೆ ಬರುತ್ತದೆ. ಅಲ್ಲಿ ನೀರಿನ ಸೆಳೆತ ಕಡಿಮೆ, ಗಾಳಿ ಮಾತ್ರ. ಸೀಸ ನೆಲಕ್ಕೆ ತಾಗುವುದನ್ನು ಕೈಯಲ್ಲಿ ಗುರುತಿಸುವುದು, ಬಕೆಟ್ ಬಿಟ್ಟು ವೇಗ ತಗ್ಗಿಸುವುದು, ದಾರದ ಓರೆ ನೋಡಿ ತೂಕ ಬದಲಾಯಿಸುವುದು, ಇಷ್ಟನ್ನೂ ಕಾಕಾ ಅವರ ಜೊತೆ ಹರಿಗೋಲಿನಲ್ಲೇ ಅಭ್ಯಾಸ ಮಾಡಬಹುದು. ಗೇಟಿನ ಹತ್ತಿರ ಬೇಡ, ಡ್ಯಾಂ ಕೆಳಗಂತೂ ಬೇಡವೇ ಬೇಡ. ಅಲ್ಲಿ ಮೀನು ಹಿಡಿಯಲು ಪರವಾನಗಿ ಯಾರದು ಅಂತ ಕಾಕಾಗೆ ಗೊತ್ತಿರುತ್ತದೆ. ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ, ನವೆಂಬರ್ ಡಿಸೆಂಬರ್‌ನಲ್ಲಿ ಭಾವನ ಮನೆಗೆ ಹೋಗುವುದಾದರೆ ಟಿಕೆಟ್ ಮಾಡಿಸುವ ಮೊದಲು ಪಂಚಾಂಗ ತೆಗೆದು ಅಷ್ಟಮಿ ಯಾವತ್ತು ಅಂತ ನೋಡಿ, ಆ ದಿನದ ಇಳಿತದ ಹೊತ್ತನ್ನು ಭಾವನಿಂದ ಕೇಳಿಸಿ ಬರೆದಿಟ್ಟುಕೊಳ್ಳಿ.